ಆಷಾಢ ಕಳೆಯಲಿ ಅಂದೆವು

ಮನೆ ಕೊಳ್ಳಲು ಮುಂಗಡ ಕೊಟ್ಟು ಬಂದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎರಡು ಗಂಟೆ ಹೊತ್ತಿಗೆ ಎದ್ದು ಅಡುಗೆಮನೆಗೆ ಹೋಗಿ ನೀರು ಕುಡಿದೆ. ಚಿಕ್ಕಮಗಳೂರಿನ ವಿಜಯಪುರ ಬಡಾವಣೆಯ ಬಾಡಿಗೆ ಮನೆ. ಅಲ್ಲಿನ ನಲ್ಲಿ ಹನ್ನೊಂದು ವರ್ಷದಿಂದ ತೊಟ್ಟಿಕ್ಕುತ್ತಲೇ ಇತ್ತು, ನಾನು ಬೈಯುತ್ತಲೇ ಇದ್ದೆ. ಅವತ್ತು ಮಾತ್ರ ಆ ಸದ್ದು ಹಿತ ಅನ್ನಿಸಿತು. ಇಲ್ಲೇ ಚೆನ್ನಾಗಿದ್ದೆವಲ್ಲ, ಸುಮ್ನೆ ಯಾಕೆ ಮೈಮೇಲೆ ಎಳೆದುಕೊಂಡೆವು ಅಂತ ಹೊಟ್ಟೆಯಲ್ಲಿ ಸಂಕಟ ಶುರುವಾಯಿತು.

ಅದು 2024ರ ಮಾರ್ಚ್. ಮನೆ ಇದ್ದದ್ದು ಚಿಕ್ಕಮಗಳೂರಿನ ರಾಮನಹಳ್ಳಿ ಕಡೆ, ಗಿರಿಗೆ ಹೋಗುವ ದಾರಿಯಲ್ಲಿ. 30×40 ನಿವೇಶನ, ಎರಡು ರೂಮು, ಒಂದು ಹಾಲು, ಹಿಂದೆ ಒಗೆಯುವ ಕಲ್ಲು, ಒಂದು ಸೀಬೆ ಮರ. ಫೆಬ್ರವರಿಯ ಬಿಸಿಲಿನಲ್ಲಿ ಮೊದಲ ಸಲ ನೋಡಿದಾಗ ತಾರಸಿಯಿಂದ ಮುಳ್ಳಯ್ಯನಗಿರಿ ಸಾಲು ಒಂದು ಮೋಡವೂ ಇಲ್ಲದೆ ನಿಂತಿತ್ತು. ನಮ್ಮ ಮಗಳು ಅಲ್ಲೇ ನಿಂತು, 'ಅಮ್ಮಾ, ಇದೇ ಇರ್ಲಿ' ಅಂದಳು. ನನ್ನ ಮನಸ್ಸೂ ಅಷ್ಟರಲ್ಲೇ ಸೋತಿತ್ತು. 48 ಲಕ್ಷಕ್ಕೆ ಮಾತಾಯಿತು.

ಮಾತು ಬೇಗ ಮುಗಿಯಲು ಇನ್ನೊಂದು ಕಾರಣವೂ ಇತ್ತು. ಆ ವರ್ಷ ರೋಬಸ್ಟಾ ಕಾಫಿ ರೇಟು ಹಿಂದೆಂದೂ ಕಾಣದಷ್ಟು ಏರಿತ್ತು. 'ತೋಟದವರ ಕೈಯಲ್ಲಿ ದುಡ್ಡು ಓಡಾಡ್ತಿದೆ ಮೇಡಂ, ಟೌನಲ್ಲಿ ಮನೆ ಹುಡುಕ್ತಿದ್ದಾರೆ, ಹೋಂಸ್ಟೇ ಮಾಡೋರೂ ಕೇಳ್ತಿದ್ದಾರೆ, ಸೋಮವಾರದ ಒಳಗೆ ಹೇಳಿ' ಅಂದರು ಬ್ರೋಕರ್. ಭಾನುವಾರ ಸಂಜೆಯೇ 50,000 ಕೊಟ್ಟು ಬಂದೆವು. ಕೈಯಲ್ಲಿ ಒಂದು ಚೀಟಿಯೂ ಇಲ್ಲ. ಇವತ್ತು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ. ಬರಹದಲ್ಲಿ ಏನೂ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ.

ನಾನು ಹೈಸ್ಕೂಲ್ ಟೀಚರ್. ನಮ್ಮನೆಯವರು ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಲೆಕ್ಕ ಬರೆಯುತ್ತಾರೆ. ನಮ್ಮ ಉಳಿತಾಯ, ಅವರ ಪಿಎಫ್, ಸ್ವಲ್ಪ ಚಿನ್ನ, ಜೊತೆಗೆ ಆಲ್ದೂರು ಕಡೆ ಅಪ್ಪನಿಂದ ನನ್ನ ಪಾಲಿಗೆ ಬಂದ ಅರ್ಧ ಎಕರೆ ತೋಟ ಮಾರಿದ ಹಣ. ಉಳಿದದ್ದಕ್ಕೆ ಸಾಲ. ಆ ಅರ್ಧ ಎಕರೆಯೇ ನನ್ನನ್ನು ಜಾಸ್ತಿ ಕಾಡಿದ್ದು. ಅಪ್ಪ ಇಬ್ಬರು ಗಂಡುಮಕ್ಕಳ ಜೊತೆ ನನ್ನನ್ನೂ ಕೂರಿಸಿ, 'ಇವಳಿಗೂ ಇದೆ' ಅಂತ ಹೇಳಿ ಬರೆದುಕೊಟ್ಟಿದ್ದರು. ಅದನ್ನು ಮಾರಿ ತಂದದ್ದನ್ನು ಎಲ್ಲಿಯೋ ಸುರಿದು ಕಳೆದುಬಿಟ್ಟರೆ ಅಂತ ಭಯ.

ಮುಂದಿನ ಹತ್ತು ದಿನ ನಾನು ಮಾಡಿದ ಕೆಲಸ ಅಂದರೆ ಫೋನಿನಲ್ಲಿ ಬೇರೆ ಮನೆಗಳನ್ನು ನೋಡುವುದು. ಕೊಳ್ಳಲು ಹುಡುಕುವಾಗ ಒಂದೂ ಹಿಡಿಸಿರಲಿಲ್ಲ. ಈಗ ಎಲ್ಲವೂ ನಮ್ಮದಕ್ಕಿಂತ ಚೆಂದ. ಒಂದಕ್ಕೆ ದೊಡ್ಡ ಅಡುಗೆಮನೆ, ಇನ್ನೊಂದು ನಮ್ಮ ಸ್ಕೂಲಿಗೆ ಹತ್ತಿರ, ಮತ್ತೊಂದು ಮೂರು ಲಕ್ಷ ಕಮ್ಮಿ. ಇವರಿಗೆ ತೋರಿಸಿದರೆ, 'ಈಗ ಬೇಡ ಅಂದ್ರೆ ಐವತ್ತು ಸಾವಿರ ಹೋಗುತ್ತೆ, ಅಷ್ಟೇ ತಾನೆ? ಬೇಡ ಅನ್ನಿಸಿದ್ರೆ ಬೇಡ ಅನ್ನು' ಅಂದರು. ಅಷ್ಟು ಸಲೀಸಾಗಿ ಹೇಳಿದ್ದು ನನಗೆ ಸಿಟ್ಟೇ ತರಿಸಿತು. ಆದರೆ ಅವರು ಹೇಳಿದ್ದರಲ್ಲಿ ನ್ಯಾಯವಿತ್ತು. ಕೊಟ್ಟ ಐವತ್ತು ಸಾವಿರ ಉಳಿಸಿಕೊಳ್ಳಲು ಯಾರಾದರೂ 48 ಲಕ್ಷದ ಮನೆ ಕೊಳ್ಳುತ್ತಾರಾ?

'ರೀ, ನನಗೆ ಏನು ಅನುಮಾನ ಅಂತಾನೇ ಗೊತ್ತಾಗ್ತಿಲ್ಲ' ಅಂದೆ. ಅವರು ಒಂದು ಹಾಳೆ ತಂದು, 'ಬಾಯಲ್ಲಿ ಹೇಳ್ತಾ ಹೋಗು, ನಾನು ಬರೀತೀನಿ' ಅಂದರು. ಬ್ರೋಕರ್ ಯಾಕೆ ಅವಸರ ಮಾಡಿದ? ಹಿಂದಿನ ರೂಮಿನ ಗೋಡೆಗೆ ಮಾತ್ರ ಯಾಕೆ ಹೊಸ ಬಣ್ಣ? ಮಾಲೀಕರ ಅಪ್ಪ ಕಟ್ಟಿಸಿದ ಮನೆ, ಕಾಗದದಲ್ಲಿ ಮಗನ ಹೆಸರೊಂದೇ ಇದೆ, ಆ ಅಪ್ಪನಿಗೆ ಬೇರೆ ಮಕ್ಕಳಿರಲಿಲ್ಲವಾ? ಇವರ ಕೆಲಸಕ್ಕೆ ತೊಂದರೆಯಾದರೆ ಕಂತು ಯಾರು ಕಟ್ಟುತ್ತಾರೆ? ಇದಕ್ಕಿಂತ ಒಳ್ಳೆ ಮನೆ ಮುಂದಿನ ತಿಂಗಳು ಸಿಕ್ಕಿದರೆ? ಅಪ್ಪ ಇದ್ದಿದ್ದರೆ ಏನು ಹೇಳುತ್ತಿದ್ದರು?

ಬರೆದ ಮೇಲೆ ನೋಡಿದರೆ, ಮೇಲಿನ ನಾಲ್ಕಕ್ಕೆ ಯಾರನ್ನಾದರೂ ಕೇಳಬಹುದು, ಏನನ್ನಾದರೂ ಹೋಗಿ ನೋಡಬಹುದು. ಕೊನೆಯ ಎರಡಕ್ಕೆ ಯಾವ ಕಚೇರಿಯಲ್ಲೂ ಉತ್ತರ ಇಲ್ಲ. ನನ್ನ ನಿದ್ದೆ ಕೆಡಿಸುತ್ತಿದ್ದದ್ದು ಆ ಎರಡು. ಅವುಗಳ ಜೊತೆ ಹೋರಾಡುತ್ತಾ ಮೇಲಿನ ನಾಲ್ಕನ್ನು ಮುಟ್ಟಿಯೇ ಇರಲಿಲ್ಲ.

ಕಾಗದಪತ್ರ ತೆಗೆದುಕೊಂಡು ವಕೀಲರ ಹತ್ತಿರ ಹೋದೆವು. ಬ್ಯಾಂಕಿನವರು ಹೇಗೂ ಅವರ ವಕೀಲರಿಂದ ನೋಡಿಸುತ್ತಾರಲ್ಲ ಅಂತ ಇವರು ಅಂದಿದ್ದರು. ಅದು ಬ್ಯಾಂಕಿನ ಸಮಾಧಾನಕ್ಕೆ, ನಮಗೆ ನಮ್ಮವರೇ ಒಬ್ಬರು ನೋಡಲಿ ಅಂತ ನಾನು ಹಠ ಹಿಡಿದೆ. ಮನೆ ಮಾಲೀಕರ ತಂದೆ 1992ರಲ್ಲಿ ತಮ್ಮ ದುಡಿಮೆಯ ಹಣದಲ್ಲಿ ನಿವೇಶನ ಕೊಂಡು ಕಟ್ಟಿಸಿದ ಮನೆ ಅದು. ಅವರು 2011ರಲ್ಲಿ ತೀರಿಕೊಂಡರು. ಉಯಿಲು ಇಲ್ಲ. ಆಮೇಲೆ ತಾಯಿಯೂ ಹೋದರು. ಖಾತೆ ಮಗನ ಹೆಸರಿಗೆ ಆಗಿದೆ, ಕಂದಾಯ ಅವರೇ ಕಟ್ಟುತ್ತಿದ್ದಾರೆ. ಇ.ಸಿ. (ಋಣಭಾರ ಪತ್ರ) ತೆಗೆಸಿದರೆ ಅದರಲ್ಲೂ ಏನೂ ತಕರಾರಿಲ್ಲ.

ವಕೀಲರು ಎರಡು ಮಾತು ಹೇಳಿದರು. ಖಾತೆ ಅನ್ನುವುದು ಕಂದಾಯ ಯಾರು ಕಟ್ಟಬೇಕು ಅನ್ನುವುದಕ್ಕೆ, ಅದು ಒಡೆತನದ ಪತ್ರ ಅಲ್ಲ. ಇ.ಸಿ.ಯಲ್ಲಿ ಬರುವುದು ನೋಂದಣಿಯಾದ ವ್ಯವಹಾರ ಮಾತ್ರ. ಮನೆಯೊಳಗೆ ಬಾಯಿಮಾತಿನಲ್ಲಿ ಆದ ಪಾಲು, ನೋಂದಣಿ ಆಗದ ಕರಾರು, ಇದ್ದೂ ಕೇಳದ ಹಕ್ಕು ಯಾವುದೂ ಅದರಲ್ಲಿ ಕಾಣುವುದಿಲ್ಲ. 'ಮೊದಲು ನಾಡಕಚೇರಿಯಿಂದ ವಂಶವೃಕ್ಷ ತರಿಸಿ' ಅಂದರು.

ವಂಶವೃಕ್ಷದಲ್ಲಿ ಒಬ್ಬ ಮಗಳಿದ್ದಳು.

ಬ್ರೋಕರಿಗೆ ಫೋನ್ ಮಾಡಿದರೆ ಅವರು ತಡವರಿಸಲೂ ಇಲ್ಲ. 'ಅವರಿಗೆ 1990ರ ಸುಮಾರಿಗೇ ಮದುವೆ ಆಗಿದೆ ಮೇಡಂ. ಹೆಣ್ಣುಮಕ್ಕಳ ಕಾನೂನು ಬಂದಿದ್ದು 2005ರಲ್ಲಿ. ಅವರಿಗೆ ಹಕ್ಕು ಬರಲ್ಲ' ಅಂದರು. ಊರಲ್ಲಿ ಬಹಳ ಜನ ಹೀಗೇ ಹೇಳುತ್ತಾರೆ, ನಾನೂ ಹಾಗೇ ತಿಳಿದಿದ್ದೆ. ವಕೀಲರು ಬಿಡಿಸಿ ಹೇಳಿದರು. 2005ರ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯದ್ದು. ಅದರಲ್ಲೂ ಮಗಳಿಗೆ ಹುಟ್ಟಿನಿಂದಲೇ ಹಕ್ಕು ಇದೆ ಅಂತ ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಸ್ಪಷ್ಟ ಮಾಡಿದೆ. ಆದರೆ ಈ ಮನೆ ಪಿತ್ರಾರ್ಜಿತವೇ ಅಲ್ಲ, ತಂದೆಯ ಸ್ವಂತ ಸಂಪಾದನೆ. ಉಯಿಲು ಬರೆಯದೆ ತೀರಿಕೊಂಡ ಹಿಂದೂ ಗಂಡಸಿನ ಸ್ವಂತ ಆಸ್ತಿಯಲ್ಲಿ ಹೆಂಡತಿ, ಮಗ, ಮಗಳು ಎಲ್ಲರಿಗೂ ಸಮಪಾಲು. ಅದು 1956ರ ಕಾಯ್ದೆಯಿಂದಲೇ ಇದೆ. ಮದುವೆ ಯಾವಾಗ ಆಯಿತು ಅನ್ನುವ ಪ್ರಶ್ನೆಯೇ ಬರುವುದಿಲ್ಲ.

ನನ್ನ ಮೈ ತಣ್ಣಗಾಯಿತು. ಹಣ ಹೋಗುತ್ತಿತ್ತು ಅಂತ ಮಾತ್ರ ಅಲ್ಲ. ಅಪ್ಪ ನನ್ನನ್ನು ಕೂರಿಸಿಕೊಂಡು ಕೊಟ್ಟ ಪಾಲಿನ ಹಣದಿಂದ, ಪಾಲೇ ಸಿಗದ ಇನ್ನೊಬ್ಬ ಹೆಣ್ಣುಮಗಳ ತವರುಮನೆ ಕೊಳ್ಳಲು ಹೊರಟಿದ್ದೆ.

ಮಾಲೀಕರನ್ನು ಕಂಡು ನೇರವಾಗಿ ಕೇಳಿದೆವು. ಅವರು ಕೆಟ್ಟವರಲ್ಲ. ತಲೆ ತಗ್ಗಿಸಿ, 'ಅಕ್ಕ ಬೇಡ ಅನ್ನಲ್ಲ, ಆದರೆ ಹತ್ತು ವರ್ಷದಿಂದ ಸರಿಯಾಗಿ ಮಾತಿಲ್ಲ' ಅಂದರು. ಕೇಳಲು ಮುಜುಗರ. ಅಷ್ಟೇ ಇದ್ದದ್ದು. 'ನಿಮ್ಮ ಜೊತೆ ನಾವೂ ಬರ್ತೀವಿ' ಅಂದೆ.

ಒಂದು ಶನಿವಾರ ಮಧ್ಯಾಹ್ನ ಬೆಳವಾಡಿ, ಜಾವಗಲ್ ದಾಟಿ ಅರಸೀಕೆರೆಗೆ ಹೋದೆವು. ಆ ಅಕ್ಕನಿಗೆ ಐವತ್ತೈದರ ಮೇಲೆ ವಯಸ್ಸು. ತೆಂಗಿನ ತೋಟದ ನಡುವೆ ಮನೆ. ತಮ್ಮನನ್ನು ನೋಡಿ ಮೊದಲು ಏನೂ ಮಾತಾಡಲಿಲ್ಲ, ಎಳನೀರು ತಂದುಕೊಟ್ಟರು. ಆಮೇಲೆ ನನ್ನ ಕಡೆ ತಿರುಗಿ, 'ತಗೊಳ್ಳೋರು ನೀವಾ? ತಗೊಳ್ಳೋರು ನನ್ನನ್ನ ಹುಡುಕಿಕೊಂಡು ಬರ್ತಾರೆ ಅಂತ ನಾನು ಅಂದ್ಕೊಂಡಿರಲಿಲ್ಲ ಕಣಮ್ಮ' ಅಂದರು. ನಾನು ನನ್ನ ಅಪ್ಪನ ಕಥೆ ಹೇಳಿದೆ. ಅವರ ಕಣ್ಣು ತುಂಬಿತು. ತಮ್ಮ ಎದ್ದು ಹೊರಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ಅಕ್ಕನೂ ಹಿಂದೆ ಹೋದರು. ಅಂಗಳದಲ್ಲಿ ಅವರಿಬ್ಬರೂ ಏನು ಮಾತಾಡಿಕೊಂಡರೋ, ನಾವು ಕೇಳಲು ಹೋಗಲಿಲ್ಲ.

ಒಳಗೆ ಬಂದ ಮೇಲೆ ಅಕ್ಕ ಮನೆಯ ಬಗ್ಗೆ ಒಂದೊಂದೇ ಹೇಳತೊಡಗಿದರು. ಸೀಬೆ ಮರ ಅವರಮ್ಮ ನೆಟ್ಟದ್ದು. ಬಾಗಿಲ ಮರ ಬೀಟೆಯದು. 'ಹಿಂದಿನ ರೂಮು ಪಡುವಲಕ್ಕಿದೆಯಲ್ಲ, ಆ ಗೋಡೆಗೆ ಮಳೆ ಹೊಡೆಯುತ್ತೆ. ನಮ್ಮಪ್ಪ ಪ್ರತಿ ಮಳೆಗಾಲಕ್ಕೆ ಮುಂಚೆ ಹೊರಗಡೆ ಅಡಿಕೆ ಸೋಗೆ ಕಟ್ಟೋರು. ಈಗ ಕಟ್ತೀಯೇನೋ?' ಅಂತ ತಮ್ಮನನ್ನು ಕೇಳಿದರು. ತಮ್ಮ ನನ್ನ ಮುಖ ನೋಡಿದರು. ಹೊಸ ಬಣ್ಣದ ಪ್ರಶ್ನೆಗೆ ಉತ್ತರ ಅಲ್ಲೇ ಸಿಕ್ಕಿಬಿಟ್ಟಿತು.

ಏಪ್ರಿಲ್‌ನಲ್ಲಿ ಕರಾರು ಬರೆಸಿದೆವು. ಒಟ್ಟು ಮುಂಗಡ ಐದು ಲಕ್ಷ. ಅಕ್ಕ, ತಮ್ಮ ಇಬ್ಬರೂ ಮಾರಾಟಗಾರರು ಅಂತ ಸಹಿ ಹಾಕಿದರು, ಹಣವೂ ಇಬ್ಬರ ಖಾತೆಗೆ ಬೇರೆ ಬೇರೆ. ಹಕ್ಕಿನಲ್ಲಿ ದೋಷ ಕಂಡುಬಂದರೆ ಅಥವಾ ಬ್ಯಾಂಕು ಆ ಕಾರಣಕ್ಕೆ ಸಾಲ ಕೊಡದಿದ್ದರೆ ಮುಂಗಡ ಪೂರ್ತಿ ವಾಪಸ್ ಅಂತ ವಕೀಲರು ಒಂದು ಷರತ್ತು ಸೇರಿಸಿದರು. ಅವಧಿ ಆಗಸ್ಟ್ ಕೊನೆಯವರೆಗೆ. ನಾನು ಒಂದು ಮಳೆ ನೋಡಬೇಕಿತ್ತು. ಅದನ್ನು ಹೇಗೆ ಹೇಳುವುದು ಅಂತ ಯೋಚಿಸುತ್ತಿದ್ದಾಗ ನಮ್ಮ ಅತ್ತೆಯೇ ದಾರಿ ಮಾಡಿಕೊಟ್ಟರು. 'ಜ್ಯೇಷ್ಠದೊಳಗೆ ಸಾಲದ ಕಾಗದ ಆಗಲ್ಲ, ಆಷಾಢದಲ್ಲಿ ಬೇಡವೇ ಬೇಡ. ಶ್ರಾವಣದಲ್ಲಿ ಮಾಡ್ಕೊಳ್ಳಿ' ಅಂದರು. ಆಷಾಢ ಕಳೆಯಲಿ ಅಂದರೆ ನಮ್ಮ ಕಡೆ ಯಾರೂ ಎದುರು ಮಾತಾಡುವುದಿಲ್ಲ ಅಲ್ವಾ? ಮಾಲೀಕರೂ ಒಪ್ಪಿದರು.

ಆ ಜುಲೈನಲ್ಲಿ ಸ್ಕೂಲಿಗೆ ರಜೆ ಕೊಡುವಷ್ಟು ಮಳೆ ಹಿಡಿಯಿತು. ಮಾಲೀಕರಿಂದ ಬೀಗದ ಕೈ ಇಸ್ಕೊಂಡು ಹೋದೆ. ಹಿಂದಿನ ರೂಮಿನ ಬಾಗಿಲು ತೆಗೆದರೆ ಮುಗ್ಗಲು ವಾಸನೆ. ಫೆಬ್ರವರಿಯ ಹೊಸ ಬಣ್ಣ ಆಳೆತ್ತರಕ್ಕೆ ಬೊಬ್ಬೆ ಎದ್ದಿತ್ತು, ಮೂಲೆಯಲ್ಲಿ ಕಪ್ಪು ಬೂಷ್ಟು. ಗೋಡೆಗೆ ಅಂಗೈ ಇಟ್ಟರೆ ಒದ್ದೆ ಬಟ್ಟೆ ಮುಟ್ಟಿದ ಹಾಗೆ. ಅಲ್ಲೇ ನಿಂತು ಅತ್ತುಬಿಟ್ಟೆ. ಬೇಡ, ಹೇಳಿಬಿಡೋಣ, ಮುಗಿಯಿತು ಅಂದುಕೊಂಡೆ.

ನಮ್ಮ ಸ್ಕೂಲಿನ ವಿಜ್ಞಾನದ ಮೇಷ್ಟ್ರು ಒಂದು ಉಪಾಯ ಹೇಳಿಕೊಟ್ಟರು. ಅಡುಗೆಗೆ ಬಳಸುವ ಅಲ್ಯೂಮಿನಿಯಂ ಹಾಳೆಯನ್ನು ಒಂದು ಅಡಿ ಚೌಕ ಕತ್ತರಿಸಿ, ಗೋಡೆಯ ಮೇಲ್ಮೈ ಒರೆಸಿ ಒಣಗಿಸಿ, ನಾಲ್ಕೂ ಅಂಚಿಗೆ ಗಾಳಿ ಹೋಗದ ಹಾಗೆ ಟೇಪ್ ಹಾಕಬೇಕು. ಎರಡು ದಿನ ಬಿಟ್ಟು ನೋಡಬೇಕು. ಹಾಳೆಯ ಹೊರಗಡೆ ಹನಿ ಕೂತರೆ ಅದು ರೂಮಿನ ಗಾಳಿಯ ತೇವ, ಕಿಟಕಿ ತೆಗೆದರೆ ಸರಿಹೋಗುತ್ತದೆ. ಹಾಳೆಯ ಹಿಂದೆ ಹನಿ ಇದ್ದರೆ ನೀರು ಗೋಡೆಯ ಒಳಗಿನಿಂದಲೇ ಬರುತ್ತಿದೆ. ಮೂರು ಕಡೆ ಅಂಟಿಸಿದೆ. ಎರಡು ಪಶ್ಚಿಮದ ಗೋಡೆಗೆ, ಒಂದು ಹಾಲಿನ ಗೋಡೆಗೆ. ಎರಡು ದಿನದ ಮೇಲೆ ಪಶ್ಚಿಮದ ಎರಡೂ ಹಾಳೆಯ ಹಿಂದೆ ನೀರು. ಹಾಲಿನದು ಎರಡೂ ಕಡೆ ಒಣಗಿತ್ತು.

ಆ ಒಣ ಹಾಳೆ ನೋಡಿ ನನ್ನ ಎದೆ ಎಷ್ಟು ಹಗುರಾಯಿತು ಅಂದರೆ ಹೇಳಲಾರೆ. ಮನೆಯೆಲ್ಲ ಕೆಟ್ಟಿಲ್ಲ, ಒಂದು ಗೋಡೆ ಕೆಟ್ಟಿದೆ.

ಅಪ್ಪನ ಮನೆ ಕೆಲಸ ಮಾಡಿದ್ದ ಹಳೆಯ ಮೇಸ್ತ್ರಿಯನ್ನು ಕರೆಸಿದೆ. ಅವರು ಮಳೆಯಲ್ಲೇ ಛತ್ರಿ ಹಿಡಿದು ಸುತ್ತ ಒಂದು ಸುತ್ತು ಬಂದರು. 'ತಾಯಿ, ಇದು ನೆಲದಿಂದ ಹತ್ತಿದ ನೀರಲ್ಲ. ನೆಲದಿಂದ ಹತ್ತಿದ್ರೆ ನಾಲ್ಕೂ ಗೋಡೆ ಬುಡದಲ್ಲಿ ಕಾಣೋದು. ಇದು ಗಾಳಿ ಮಳೆ ಹೊಡೆತ. ಸಜ್ಜ ಗಿಡ್ಡ ಆಯ್ತು, ಪ್ಯಾರಾಪೆಟ್ ಹತ್ರ ಸೀಳು ಬಿಟ್ಟಿದೆ, ಗಿಲಾವು ಟೊಳ್ಳಾಗಿದೆ' ಅಂತ ಕೋಲಿನಿಂದ ತಟ್ಟಿ ಸದ್ದು ಕೇಳಿಸಿದರು. ಹಳೆ ಗಿಲಾವು ಕೆತ್ತಿ ಹೊಸದಾಗಿ ಮಾಡಿ, ಸೀಳು ಮುಚ್ಚಿ, ಹೊರಗೆ ಶೀಟ್ ಇಳಿಸಿದರೆ ನಿಲ್ಲುತ್ತದೆ, ಆದರೆ ಒಂದೇ ವರ್ಷಕ್ಕೆ ಪೂರ್ತಿ ಒಣಗುತ್ತದೆ ಅಂತ ಮಾತು ಕೊಡಲಾರೆ ಅಂದರು. ಆ ಕೊನೆಯ ಮಾತಿಗೆ ಅವರ ಮೇಲೆ ನಂಬಿಕೆ ಬಂತು. ಖರ್ಚು ಒಂದೂಮುಕ್ಕಾಲು ಲಕ್ಷ. ಅದನ್ನು ಮಾಲೀಕರ ಮುಂದೆ ಇಟ್ಟೆವು. ಅವರು ಒಂದು ಲಕ್ಷ ಇಳಿಸಿದರು. 47ಕ್ಕೆ ನಿಂತಿತು.

ಇದೇ ಹೊತ್ತಿನಲ್ಲಿ ಇನ್ನೊಂದು ಅನುಮಾನ ಹುಟ್ಟಿತ್ತು. ಗಿರಿಯ ದಾರಿ ಅಂದರೆ ಶನಿವಾರ, ಭಾನುವಾರ ಪ್ರವಾಸಿಗಳ ಗಾಡಿ. ಒಂದು ಭಾನುವಾರ ಬೆಳಿಗ್ಗೆ ಏಳಕ್ಕೇ ಹೋಗಿ ಮನೆ ಮುಂದೆ ಕೂತೆ. ಮುಖ್ಯ ರಸ್ತೆಯಲ್ಲಿ, ಗಿರಿ ದಾರಿಯಲ್ಲಿ ಸಿಗುವ ಕೈಮರ ಅನ್ನುವ ಊರಿನ ಕಡೆ ಸಾಲುಗಟ್ಟಿದ ಕಾರುಗಳು. ಒಳಗಿನ ರಸ್ತೆಗೆ ಹಾರ್ನ್ ಕೇಳಿಸುತ್ತಿತ್ತು, ಆದರೆ ಗಾಡಿ ನುಗ್ಗುತ್ತಿರಲಿಲ್ಲ. ಭಾನುವಾರ ಹೊರಗೆ ಹೋಗುವುದಿದ್ದರೆ ಬೇಗ ಹೊರಡಬೇಕು. ಅದನ್ನು ಒಪ್ಪಿಕೊಂಡೆ.

ಸಾಲದ ಲೆಕ್ಕ ಮಾತ್ರ ಇವರದ್ದು. 30 ಲಕ್ಷಕ್ಕೆ ಶೇಕಡಾ 8.75 ಬಡ್ಡಿ. ಬ್ಯಾಂಕಿನವರು 20 ವರ್ಷ ಅಂದರು, ಕಂತು ಸುಮಾರು 26,500. ನನಗಾಗ 42, ನಿವೃತ್ತಿ 60ಕ್ಕೆ. ನಿವೃತ್ತಿಯ ಮೇಲೆ ಎರಡು ವರ್ಷ ಸಾಲ ಎಳೆಯುವುದು ಬೇಡ ಅಂದೆ. 18 ವರ್ಷಕ್ಕೆ ಮಾಡಿದರೆ ಕಂತು 27,600. ತಿಂಗಳಿಗೆ ಸಾವಿರದ ನೂರು ಜಾಸ್ತಿ, ಬಡ್ಡಿಯಲ್ಲಿ ಹತ್ತಿರ ಹತ್ತಿರ ನಾಲ್ಕು ಲಕ್ಷ ಉಳಿತಾಯ. ಬದಲಾಗುವ ಬಡ್ಡಿಯ ಮನೆ ಸಾಲ, ಹಾಗಾಗಿ ಮಧ್ಯೆ ದುಡ್ಡು ಬಂದಾಗ ದಂಡ ಇಲ್ಲದೆ ತುಂಬಬಹುದು. ಆದರೂ ಬಾಡಿಗೆ 11,000 ಕೊಡುತ್ತಿದ್ದ ನಮಗೆ ಈ ಅಂಕಿ ಗಂಟಲಿಗೆ ಸಿಕ್ಕಿಕೊಂಡಿತು. ಇವರು ಹೇಳಿದರು, 'ಮೇ ತಿಂಗಳಿಂದಲೇ ಕಂತು ಕಟ್ತಿದ್ದೀವಿ ಅಂದ್ಕೊಂಡು ಬಾಡಿಗೆ ಬಿಟ್ಟು ಉಳಿದ ಹದಿನಾರೂವರೆ ಸಾವಿರ ಪ್ರತಿ ತಿಂಗಳು ಬೇರೆ ಖಾತೆಗೆ ಹಾಕೋಣ. ಬದುಕೋಕೆ ಆಗುತ್ತಾ ನೋಡೋಣ.' ಹಾಗೇ ಮಾಡಿದೆವು. ಮೇ, ಜೂನ್ ಕಷ್ಟವಾಯಿತು. ಜೂನ್‌ನಲ್ಲಿ ಮಗಳ ಫೀಸು ಕಟ್ಟುವಾಗ ಅದೇ ಖಾತೆಯಿಂದ ಐದು ಸಾವಿರ ತೆಗೆಯಬೇಕಾಯಿತು. ಜುಲೈ, ಆಗಸ್ಟ್ ಸರಿಹೋಯಿತು. ಕಾಗದದ ಮೇಲಿನ ಲೆಕ್ಕ ನನಗೆ ಕೊಡದ ಧೈರ್ಯವನ್ನು ಆ ನಾಲ್ಕು ತಿಂಗಳು ಕೊಟ್ಟವು. ಅದೇ ಹಣ ಆಮೇಲೆ ಗೋಡೆಗೂ ಆಯಿತು.

ವರಮಹಾಲಕ್ಷ್ಮಿ ಹಬ್ಬ ಕಳೆದ ಮುಂದಿನ ವಾರ ನೋಂದಣಿ. ಹಿಂದಿನ ರಾತ್ರಿ ಮತ್ತೆ ಎರಡು ಗಂಟೆಗೆ ಎಚ್ಚರ. ಈ ಸಲ ಹುಡುಕಿದರೂ ಕೇಳಬೇಕಾದ ಪ್ರಶ್ನೆ ಒಂದೂ ಉಳಿದಿರಲಿಲ್ಲ. ಇಷ್ಟಾದರೂ ಎದೆ ಹೊಡೆದುಕೊಳ್ಳುತ್ತಿತ್ತು. ಇವರನ್ನು ಎಬ್ಬಿಸಿದೆ. 'ಅಪ್ಪ ಇದ್ದಿದ್ರೆ ಏನು ಹೇಳ್ತಿದ್ರು ರೀ?' ಅಂದೆ. ಇವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಗೋಡೆ ಮುಟ್ಟಿ ನೋಡಿದ್ಯೇನಮ್ಮ ಅಂತ ಕೇಳ್ತಿದ್ರು' ಅಂದರು. ಅದು ನಿಜ. ಅಪ್ಪ ಅಷ್ಟೇ ಕೇಳುತ್ತಿದ್ದರು. ಆಮೇಲೆ ನಿದ್ದೆ ಬಂತು.

ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಚ್ಚು ಹೊತ್ತು ಆಗಲಿಲ್ಲ. ಇ-ಖಾತೆ ಮೊದಲೇ ಮಾಡಿಸಿದ್ದರು, ವಿವರವೆಲ್ಲ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ತುಂಬಿ ಆಗಿತ್ತು. ಶೇಕಡಾ 5 ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್, ಸರ್‌ಚಾರ್ಜ್, ಆಗ ಇದ್ದ ಶೇಕಡಾ 1 ನೋಂದಣಿ ಶುಲ್ಕ ಸೇರಿ ಶೇಕಡಾ 6.6, ಅಂದರೆ ಮೂರು ಲಕ್ಷದ ಹತ್ತು ಸಾವಿರ. ಈ ಹಣವನ್ನು ಮೊದಲೇ ಎತ್ತಿಡದಿದ್ದರೆ ಕೊನೆಯ ವಾರ ಓಡಾಡಬೇಕಾಗುತ್ತದೆ. ಫೋಟೋ, ಹೆಬ್ಬೆಟ್ಟು, ಸಹಿ. ಅಕ್ಕ ಅರಸೀಕೆರೆಯಿಂದ ಬೆಳಗಿನ ಬಸ್ಸಿಗೇ ಬಂದಿದ್ದರು, ರೇಷ್ಮೆ ಸೀರೆ ಉಟ್ಟು. ಸಹಿ ಹಾಕಿ ಪೆನ್ನು ನನ್ನ ಕೈಗೆ ಕೊಡುವಾಗ, 'ಸೀಬೆ ಮರ ಕಡಿಸಬೇಡ' ಅಂದರು. 'ಇಲ್ಲ ಅಕ್ಕ' ಅಂದೆ.

ನವರಾತ್ರಿಯಲ್ಲಿ ಹೊಸ ಮನೆಗೆ ಬಂದೆವು. ಬೇಸಿಗೆಯಲ್ಲಿ ಮೇಸ್ತ್ರಿ ಪಶ್ಚಿಮದ ಗೋಡೆಯ ಕೆಲಸ ಮುಗಿಸಿದರು. ಸೀಬೆ ಮರ ಅಡ್ಡ ಬರುತ್ತಿದ್ದ ಕಡೆ ಶೀಟನ್ನು ಒಂದು ಅಡಿ ಕತ್ತರಿಸಿ ಕೂರಿಸಿದ್ದಾರೆ. 2025ರ ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ನಾನು ದಿನಾ ಬೆಳಿಗ್ಗೆ ಸ್ಕೂಲಿಗೆ ಹೊರಡುವ ಮುಂಚೆ ಹಿಂದಿನ ರೂಮಿಗೆ ಹೋಗಿ ಗೋಡೆಗೆ ಅಂಗೈ ಇಟ್ಟು ನೋಡುತ್ತಿದ್ದೆ. ಮೂಲೆ ಒಣಗಿತ್ತು. ಕಿಟಕಿಯ ಕೆಳಗೆ ಒಂದು ಗೇಣಷ್ಟು ಜಾಗ ಇನ್ನೂ ತಣ್ಣಗೆ, ಒದ್ದೆ. ಅಲ್ಯೂಮಿನಿಯಂ ಹಾಳೆ ಕತ್ತರಿಸಿ ಅಂಟಿಸಿದೆ, ಮೇಸ್ತ್ರಿಗೆ ಫೋನ್ ಮಾಡಿದೆ. ಭಾನುವಾರ ಬರ್ತೀನಿ ತಾಯಿ ಅಂದರು. ಏಳು ಗಂಟೆಗೆ ಮುಂಚೆ ಬನ್ನಿ, ಆಮೇಲೆ ಕೈಮರದ ದಾರಿಯಲ್ಲಿ ಗಾಡಿ ಸಿಕ್ಕಿಕೊಳ್ಳುತ್ತೆ ಅಂತ ಹೇಳಿ ಸ್ಕೂಲಿಗೆ ಹೊರಟೆ.